ಹೊಲದಲ್ಲಿ ಸಿಕ್ಕ ಹಿತ್ತಾಳೆ ಮೊಗ್ಗು: ಕಳಸವೋ, ಗುಂಡೋ, ಇರಿಡಿಯಮ್ಮೋ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕು, ಮುದಗಲ್ ಹತ್ತಿರದ ಹಳ್ಳಿ. ಜನವರಿಯಲ್ಲಿ ಹತ್ತಿ ಬಿಡಿಸುವಾಗ ನನ್ನ ಹೆಂಡತಿಯ ಒಂದು ಬೆಂಡೋಲೆ ಹೊಲದಲ್ಲಿ ಬಿತ್ತು. ಹುಡುಕಲಿಕ್ಕೆಂದು ಅಳಿಯ ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದ. ಓಲೆ ಸಿಗಲಿಲ್ಲ. ಒಂದು ಗೇಣು ಆಳದಲ್ಲಿ ಫೋಟೋದಲ್ಲಿರುವ ಈ ವಸ್ತು ಸಿಕ್ಕಿತು. ಉದ್ದ 11 ಸೆಂ.ಮೀ., ಒಳಗೆ ಟೊಳ್ಳು, ಒಂದು ಕಡೆ ಬಾಯಿ, ಇನ್ನೊಂದು ಕಡೆ ಮೊಗ್ಗಿನಂಥ ಗುಂಡು. ತೂಕ 146 ಗ್ರಾಂ. ಊರಲ್ಲಿ ಒಬ್ಬರು ಗುಡಿಯ ಕಳಸ ಅಂತಾರೆ, ಒಬ್ಬರು ಕೋಟೆಯ ಮದ್ದಿನ ಗುಂಡು ಅಂತಾರೆ, ಇನ್ನೊಬ್ಬರು ಮೊಹರಂನಲ್ಲಿ ಹೊರುವ ಅಲಾಯಿ ದೇವರ ಕೋಲಿನ ತುದಿ ಅಂತಾರೆ. ಪಟ್ಟಣದಿಂದ ಬಂದವರೊಬ್ಬರು ‘ಇದರಲ್ಲಿ ಇರಿಡಿಯಂ ಇರಬಹುದು, ಅಕ್ಕಿ ಎಳೆಯುತ್ತದಾ ನೋಡಿ, ಎಳೆದರೆ ಕೋಟಿಗೆ ಮಾರಿಸಿಕೊಡುತ್ತೇನೆ’ ಎಂದರು. ಇದು ಏನು? ಮನೆಯಲ್ಲಿ ಇಟ್ಟುಕೊಂಡರೆ ತೊಂದರೆ ಇದೆಯಾ?

ಉತ್ತರ: ಮೊದಲು ಹೆಸರು ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿರುವುದು ಕೋಡಣಸು. ಎತ್ತಿನ ಕೊಂಬಿನ ತುದಿಗೆ ಹಾಕುವ ಹಿತ್ತಾಳೆಯ ಟೋಪಿ. ಒನಕೆಯ ತುದಿಗೆ ಬಡಿಯುವ ಕಬ್ಬಿಣದ ಬಳೆಗೆ ಅಣಸು ಅಂತೀವಲ್ಲ, ಅದೇ ಅಣಸು ಕೋಡಿಗೆ ಹಾಕಿದರೆ ಕೋಡಣಸು. ನಿಮ್ಮ ತಂದೆಯ ಕಾಲದವರಿಗೆ ತೋರಿಸಿದ್ದರೆ ನನ್ನವರೆಗೆ ಬರುವ ಕೆಲಸವೇ ಇರಲಿಲ್ಲ. ಆದರೆ ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಹುಟ್ಟಿದವರಿಗೆ ಇದು ಹೊಸ ವಸ್ತುವೇ. ಅದರಲ್ಲಿ ತಪ್ಪೇನಿಲ್ಲ.

ನಿಮ್ಮ ಮೊದಲ ಫೋಟೋ ನೋಡಿದಾಗ ನಾನೂ ಎಡವಿದ್ದೆ. ಮೊಗ್ಗಿನ ಕಡೆಯಿಂದ ತೆಗೆದ ಚಿತ್ರ ಅದು. ಪಲ್ಲಕ್ಕಿಯ ದಂಡಿಗೆ ತುದಿ ಇರಬಹುದು ಅಂದುಕೊಂಡೆ. ಅದಕ್ಕೇ ಬಾಯಿಯ ಕಡೆಯಿಂದ ಇನ್ನೊಂದು ಚಿತ್ರ ಕಳಿಸಿ, ಅಡ್ಡ ಅಳತೆಯನ್ನೂ ಬರೆಯಿರಿ ಎಂದು ಕೇಳಿದ್ದು. ಗುರುತು ಸಿಗದ ವಸ್ತು ಕೈಗೆ ಬಂದರೆ ಎಲ್ಲರೂ ಅಂದವಾದ ಕಡೆ ನೋಡುತ್ತಾರೆ. ನೋಡಬೇಕಾದ್ದು ಅದು ಇನ್ನೊಂದಕ್ಕೆ ಕೂಡಿಕೊಳ್ಳುವ ಕಡೆಯನ್ನು. ಹೂವು, ಮೊಗ್ಗು, ಬಳ್ಳಿ ಎಲ್ಲದರ ಮೇಲೂ ಇರುತ್ತವೆ. ಬಾಯಿ ಮಾತ್ರ ತಾನು ಯಾವುದಕ್ಕೆ ಹೊಂದುತ್ತಿತ್ತೋ ಅದರ ಆಕಾರವನ್ನೇ ಹಿಡಿದಿರುತ್ತದೆ.

ನಿಮ್ಮ ವಸ್ತುವಿನ ಬಾಯಿ ದುಂಡಗಿಲ್ಲ. ಒಂದು ಕಡೆಯಿಂದ 32 ಮಿ.ಮೀ., ಇನ್ನೊಂದು ಕಡೆಯಿಂದ 28 ಎಂದು ಬರೆದಿದ್ದೀರಿ. ಜಜ್ಜಿ ಹಾಗಾಗಿದೆ ಅಂದುಕೊಂಡಿದ್ದೀರಿ. ಜಜ್ಜಿದ್ದರೆ ಅಂಚಿನಲ್ಲಿ ಎಲ್ಲಾದರೂ ಮಡಿಕೆಯೋ ಬಿರುಕೋ ಕಾಣಬೇಕಿತ್ತು. ಅಂಚು ಸುತ್ತಲೂ ಒಂದೇ ದಪ್ಪ, ನುಣ್ಣಗಿದೆ. ಅಂದರೆ ಅದನ್ನು ಎರಕ ಹೊಯ್ಯುವಾಗಲೇ ಮೊಟ್ಟೆಯಾಕಾರ ಕೊಟ್ಟಿದ್ದಾರೆ. ಇನ್ನೊಂದು, ಅದನ್ನು ಮೇಜಿನ ಮೇಲೆ ಮಲಗಿಸಿದ ಚಿತ್ರದಲ್ಲಿ ನಡು ಭಾಗ ಮೇಜಿಗೆ ತಾಗಿಲ್ಲ, ಒಂದು ಅಕ್ಕಿಕಾಳು ತೂರುವಷ್ಟು ಸಂದಿ ಇದೆ. ಸಣ್ಣಗೆ ಬಾಗಿದೆ. ಕೋಲಿಗೋ ಈಟಿಗೋ ದಂಡಿಗೆಗೋ ಹಾಕುವ ವಸ್ತುವನ್ನು ಬಾಗಿಸಿ ಯಾರೂ ಮಾಡುವುದಿಲ್ಲ. ಮರದ ಕೋಲು ನೆಟ್ಟಗೆ, ದುಂಡಗೆ ಇರುತ್ತದೆ. ಬಾಗಿರುವುದು, ಪೂರ್ತಿ ದುಂಡಗಿಲ್ಲದ್ದು, ತುದಿಗೆ ಹೋದಂತೆ ಸಣ್ಣಗಾಗುವುದು ಕೊಂಬು.

ಆಮೇಲೆ ಸವೆತ. ಮೊಗ್ಗಿನ ಒಂದು ಮಗ್ಗುಲಲ್ಲಿ ಎಸಳುಗಳ ಗೆರೆ ಚೂಪಾಗಿವೆ, ಉಗುರಿಗೆ ಸಿಗುತ್ತವೆ ಅಂದಿರಿ. ಇನ್ನೊಂದು ಮಗ್ಗುಲು ನುಣ್ಣಗಾಗಿ ಗೆರೆಗಳೇ ಅಳಿಸಿವೆ. ಮಣ್ಣಲ್ಲಿ ಕೂತು ಸವೆದಿದ್ದರೆ ಸುತ್ತಲೂ ಸವೆಯಬೇಕು. ಎತ್ತು ಮಾತ್ರ ಕೊಂಬಿನ ಒಂದೇ ಮಗ್ಗುಲನ್ನು ಮೇವು ಹಾಕುವ ಗ್ವಾದಲಿಗೆ, ಬೇವಿನ ಬೊಡ್ಡೆಗೆ, ಬಂಡಿಯ ಮೂಕಿಗೆ ದಿನಾ ತಿಕ್ಕುತ್ತದೆ. ಜಾತ್ರೆಗೂ ಕಾರ ಹುಣ್ಣಿಮೆಗೂ ಮಾತ್ರ ಹಾಕಿ ತೆಗೆದಿಡುತ್ತಿದ್ದ ಜೋಡಿಯಾಗಿದ್ದರೆ ಇಷ್ಟು ಸವೆಯುತ್ತಿರಲಿಲ್ಲ. ಇದನ್ನು ಹಾಕಿದವರು ತೆಗೆಯದೆ ಹಾಗೇ ಬಿಟ್ಟಿದ್ದರು ಅನ್ನುವುದು ನನ್ನ ಅಂದಾಜು.

ಬಾಯಿಯ ಹತ್ತಿರ ಎದುರು ಬದುರು ಎರಡು ಸಣ್ಣ ತೂತು. ಆಯಸ್ಕಾಂತ ಹಿಡಿದು ನೋಡಿ ಎಂದಿದ್ದೆ. ಮೈಗೆಲ್ಲ ಅಂಟಲಿಲ್ಲ, ಒಂದು ತೂತಿನ ಹತ್ತಿರ ಮಾತ್ರ ಸ್ವಲ್ಪ ಎಳೆಯಿತು ಎಂದು ತಿಳಿಸಿದಿರಿ. ಆ ತೂತಿನೊಳಗೆ ಮುರಿದ ಕಬ್ಬಿಣದ ಮೊಳೆಯ ತುಂಡು ಉಳಿದಿದೆ, ತುಕ್ಕು ಹಿಡಿದು ಕಂದು ಕಲೆ ಮಾಡಿದೆ. ಟೋಪಿ ಜಾರದಂತೆ ಕೊಂಬಿನ ತುದಿಗೆ ಹೊಡೆದ ಮೊಳೆ ಅದು. ಕೊಂಬಿನ ತುದಿ ಗಟ್ಟಿ, ಉಗುರಿನ ಹಾಗೆ. ಅಲ್ಲಿ ಮೊಳೆ ಹೊಡೆದರೆ ಎತ್ತಿಗೆ ನೋವಿಲ್ಲ. ಬುಡದ ಕಡೆ ಒಳಗೆ ಎಲುಬು, ರಕ್ತ ಇರುತ್ತವೆ, ಅಲ್ಲಿ ಯಾರೂ ಮೊಳೆ ಹೊಡೆಯುವುದಿಲ್ಲ.

ಇದಿಷ್ಟೇ ಸಾಕಿತ್ತು. ಆದರೆ ಒಳಗೆ ಕಪ್ಪಗೆ ಡಾಂಬರಿನಂಥದ್ದು ಅಂಟಿದೆ ಅಂದಿರಲ್ಲ, ಅದು ನನಗೆ ಆಸೆ ಹುಟ್ಟಿಸಿತು. ಹೊಲಿಯುವ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಸಿ, ಆ ಕಪ್ಪಿನ ಸಾಸಿವೆಕಾಳಿನಷ್ಟು ಚೂರಿಗೆ ಮುಟ್ಟಿಸಿ, ಮೂಗಿಗೆ ಏನು ಬರುತ್ತದೆ ಹೇಳಿ ಎಂದು ಫೋನಿನಲ್ಲಿ ಕೇಳಿದೆ. ನಿಮ್ಮ ಮಗಳು ಮಾಡಿ ನೋಡಿ ಎರಡು ವಾಸನೆ ಹೇಳಿದಳು. ಒಂದು ಚೂರು ಕರಗಿ, ಹಿಂದೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಒತ್ತುತ್ತಿದ್ದ ಮುದ್ರೆಯ ವಾಸನೆ ಬಂತು ಅಂತ ನೀವು ಹಿಂದಿನಿಂದ ಕೂಗಿದಿರಿ. ಅದು ಅರಗು. ಇನ್ನೊಂದು ಚೂರು ಕರಗಲಿಲ್ಲ, ಕರಕಾಯಿತು, ಕೂದಲು ಸುಟ್ಟ ನಾತ ಬಂತು. ಅದು ಕೊಂಬೇ. ಕೊಂಬು, ಗೊರಸು, ಉಗುರು, ಕೂದಲು ಎಲ್ಲವೂ ಕೆರಾಟಿನ್ ಎಂಬ ಒಂದೇ ಬಗೆಯ ವಸ್ತುವಿನಿಂದ ಆದವು. ಅದರಲ್ಲಿ ಗಂಧಕ ಇರುತ್ತದೆ, ಆ ನಾತ ಅದರದ್ದು. ಅಂದರೆ ಈ ಟೋಪಿ ಕೊಂಬಿನಿಂದ ಸುಮ್ನೆ ಜಾರಿ ಬಿದ್ದದ್ದಲ್ಲ, ತುದಿಯ ಚೂರನ್ನೂ ಕಿತ್ತುಕೊಂಡು ಬಂದಿದೆ. ಎತ್ತು ಎಲ್ಲಿಗೋ ಕೊಂಬು ಹಾಕಿ ಜಗ್ಗಿರಬೇಕು. ಎರಡು ಎತ್ತು ಕಾದಾಡಿದ್ದೂ ಇರಬಹುದು.

ಇನ್ನು ಊರವರ ಊಹೆಗಳು. ಕಳಸ ಅಲ್ಲ. ಕಳಸಕ್ಕೆ ಬಿಂದಿಗೆಯಂಥ ಹೊಟ್ಟೆ ಬೇಕು, ನಡುವೆ ಕಂಬಿ ತೂರುವ ದಾರಿ ಬೇಕು. ಮದ್ದಿನ ಗುಂಡೂ ಅಲ್ಲ. ನಿಮ್ಮ ಕಡೆ ಆ ಗುಮಾನಿ ಬರುವುದು ಸಹಜ. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿನಲ್ಲಿ ನಡೆದ ಕಾಳಗದಲ್ಲಿ ತೋಪು, ಕೋವಿ ಎಲ್ಲ ಇದ್ದವು, ಮುದಗಲ್ ಕೋಟೆಗೂ ಈ ಎರಡು ಕಡೆಯವರು ಮತ್ತೆ ಮತ್ತೆ ಬಡಿದಾಡಿದ್ದಾರೆ. ಆದರೆ ಆ ಕಾಲದ ಗುಂಡು ಅಂದರೆ ಕಲ್ಲಿನ, ಕಬ್ಬಿಣದ, ಸೀಸದ ಉಂಡೆ. ಟೊಳ್ಳು ಹಿತ್ತಾಳೆಯ ತುದಿ ಬರುವುದು ಬಹಳ ಈಚಿನ ಶೆಲ್ಲುಗಳಿಗೆ. ಅದರ ಮೇಲೆ ತಿರುಪಿನ ಗೆರೆ, ಅಂಕಿ ಇರುತ್ತವೆ. ಅಂಥದ್ದು ಎಂದಾದರೂ ಸಿಕ್ಕರೆ ಮುಟ್ಟಬೇಡಿ, ಪೊಲೀಸರಿಗೆ ಫೋನ್ ಮಾಡಿ. ಅಲಾಯಿ ದೇವರ ಕೋಲಿನ ತುದಿ ಎಂಬ ಊಹೆ ಮುದಗಲ್ ಮೊಹರಂ ನೋಡಿ ಬೆಳೆದವರದ್ದು, ಮೂರರಲ್ಲಿ ಅದೇ ಒಳ್ಳೆಯ ಊಹೆ. ಆದರೆ ಮತ್ತೆ ಅದೇ ಮಾತು, ಕೋಲು ಬಾಗಿರುವುದಿಲ್ಲ.

ಈಗ ಆ ಪಟ್ಟಣದವರ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇದಕ್ಕೆ ‘ರೈಸ್ ಪುಲ್ಲರ್’ ಎಂದು ಹೆಸರು. ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿರುವ ಹಳೇ ಮೋಸ. ಹಳೆಯ ಹಿತ್ತಾಳೆ, ತಾಮ್ರದ ವಸ್ತು ಯಾರ ಮನೆಯಲ್ಲಿದೆ ಎಂದು ಕಿವಿಗೆ ಬಿದ್ದರೆ ಬರುತ್ತಾರೆ. ಸಿಡಿಲು ಬಡಿದು ಇದರಲ್ಲಿ ಇರಿಡಿಯಂ ಆಗಿದೆ, ಅಕ್ಕಿಕಾಳನ್ನು ಎಳೆಯುತ್ತದೆ, ವಿದೇಶದ ವಿಜ್ಞಾನಿಗಳು ಕೋಟಿಗಟ್ಟಲೆ ಕೊಡುತ್ತಾರೆ ಎನ್ನುತ್ತಾರೆ. ನಿಮ್ಮ ಮುಂದೆಯೇ ಅಕ್ಕಿ ಎಳೆಸಿಯೂ ತೋರಿಸುತ್ತಾರೆ. ಆ ಅಕ್ಕಿಗೆ ಮೊದಲೇ ಕಬ್ಬಿಣದ ಪುಡಿ ಅಂಟಿಸಿರುತ್ತಾರೆ, ವಸ್ತುವಿನ ಹಿಂದೆಯೋ ಅಂಗೈಯೊಳಗೋ ಆಯಸ್ಕಾಂತ ಇರುತ್ತದೆ. ಅವರು ತಂದ ಅಕ್ಕಿ ಬೇಡ, ನಮ್ಮ ಡಬ್ಬಿಯ ಅಕ್ಕಿ ಕೊಡುತ್ತೇವೆ ಅನ್ನಿ, ಅವತ್ತು ಆಟ ನಡೆಯುವುದಿಲ್ಲ. ಆಮೇಲೆ ಪರೀಕ್ಷೆಯ ಖರ್ಚು, ತಜ್ಞರು ಬರುವ ಖರ್ಚು, ವಿಕಿರಣ ತಾಗದ ಉಡುಪಿನ ಖರ್ಚು ಅಂತ ನಿಮ್ಮಿಂದ ದುಡ್ಡು ಹೊರಡಲು ಶುರುವಾಗುತ್ತದೆ. ಕೊಳ್ಳುವವರು ನಿಮಗೆ ಕೊಡಬೇಕಾದ ದುಡ್ಡು ಮಾತ್ರ ಬರುವುದೇ ಇಲ್ಲ.

ಇರಿಡಿಯಂ ನಿಜವಾದ ಲೋಹವೇ. 1803ರಲ್ಲಿ ಇಂಗ್ಲೆಂಡಿನ ಸ್ಮಿತ್‌ಸನ್ ಟೆನಂಟ್ ಅದನ್ನು ಕಂಡುಹಿಡಿದ. ಬೆಳ್ಳಿಯಂತೆ ಬಿಳಿ. ನಿಮಗೆ ಶಾಯಿಪೆನ್ನಿನ ಕಾಲ ನೆನಪಿದ್ದರೆ ನಿಬ್ಬಿನ ಮೇಲೆ ‘ಇರಿಡಿಯಂ’ ಎಂದು ಇಂಗ್ಲಿಷಿನಲ್ಲಿ ಕೆತ್ತಿರುತ್ತಿತ್ತಲ್ಲ, ಅದೇ. ಅಕ್ಕಿಯನ್ನು ಅದು ಎಳೆಯುವುದಿಲ್ಲ, ಯಾವ ಲೋಹವೂ ಎಳೆಯುವುದಿಲ್ಲ. ಅದು ಕರಗಲು 2,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ತಾಮ್ರ 1,085ಕ್ಕೇ ಕರಗುತ್ತದೆ, ಹಿತ್ತಾಳೆ ಅದಕ್ಕಿಂತ ಬೇಗ. ಇದ್ದಿಲು ತಿದಿ ಇಟ್ಟುಕೊಂಡು ಎರಕ ಹೊಯ್ಯುತ್ತಿದ್ದ ಊರ ಕಂಚುಗಾರ ಇರಿಡಿಯಂ ಕರಗಿಸಿ ಎತ್ತಿಗೆ ಟೋಪಿ ಮಾಡಿದ ಅಂದರೆ ಎತ್ತೂ ನಗುತ್ತದೆ.

ಆದರೂ ನಿಮ್ಮ ಅಳಿಯನಿಗೆ ಸಮಾಧಾನ ಆಗಿರಲಿಲ್ಲ. ಗೀರಿದ ಕಡೆ ಕೆಂಪು ಕೆಂಪಾಗಿ ಹೊಳೆಯುತ್ತದೆ, ಬಂಗಾರ ಬೆರೆತಿರಬಹುದಲ್ಲ ಅಂದರು. ಆ ಕೆಂಪಿಗೆ ಕಾರಣ ಬೇರೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹಸಿ ಮಣ್ಣಿನಲ್ಲಿ ವರ್ಷಗಟ್ಟಲೆ ಇದ್ದರೆ ಮೇಲ್ಮೈಯ ಸತು ಕರಗಿ ಹೋಗಿ ತಾಮ್ರ ಉಳಿಯುತ್ತದೆ, ಅಲ್ಲಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಬಾಯಿಮಾತಿಗಿಂತ ತಕ್ಕಡಿ ಮಾತು ಒಳ್ಳೆಯದು ಅಂತ ಒಂದು ಉಪಾಯ ಹೇಳಿದ್ದೆ. ಉಳಿದ ಓದುಗರಿಗೂ ಉಪಯೋಗ ಆಗುತ್ತದೆ, ಬರೆಯುತ್ತೇನೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಅರ್ಧ ನೀರು ತುಂಬಿದ ಚೊಂಬು ಇಡಿ. ಸೊನ್ನೆ ಒತ್ತಿ. ವಸ್ತುವಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ಕೈಯಲ್ಲೇ ಹಿಡಿದಿರಬೇಕು, ಚೊಂಬಿನ ತಳಕ್ಕೂ ಗೋಡೆಗೂ ತಾಗಬಾರದು. ಟೊಳ್ಳು ವಸ್ತುವಾದರೆ ಬಾಯಿ ಮೇಲೆ ಮಾಡಿ ಮುಳುಗಿಸಿ, ಗಾಳಿಯ ಗುಳ್ಳೆ ಎಲ್ಲ ಬರಲಿ. ಆಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಘನ ಸೆಂಟಿಮೀಟರು ಆ ವಸ್ತುವಿನ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. ನಿಮಗೆ 18 ಬಂತು. 146 ಭಾಗಿಸು 18, ಸುಮಾರು 8.1. ಹಿತ್ತಾಳೆಗೆ 8.4ರಿಂದ 8.7 ಬರಬೇಕು. ಸ್ವಲ್ಪ ಕಡಿಮೆ ಬಂದದ್ದು ಒಳಗಿನ ಅರಗು, ಕೊಂಬಿನ ಚೂರುಗಳಿಂದ, ಅವು ಹಗುರ, ಜಾಗ ಮಾತ್ರ ತಿನ್ನುತ್ತವೆ. ಬಂಗಾರವಾದರೆ 19.3, ಇರಿಡಿಯಂ ಆದರೆ 22.5. ಇದೇ 146 ಗ್ರಾಂ ಬಂಗಾರ ಆಗಿದ್ದರೆ ತಕ್ಕಡಿ ಏಳೂವರೆ ತೋರಿಸಬೇಕಿತ್ತು. ಅಳಿಯ ಎರಡು ಸಲ ಮಾಡಿ ನೋಡಿ ಸುಮ್ಮನಾದರಂತೆ.

ಒಂದು ಗೇಣು ಆಳದಲ್ಲಿತ್ತು, ಹಾಗಾದರೆ ಎಷ್ಟು ನೂರು ವರ್ಷದ್ದು ಎಂದು ಕೇಳಿದ್ದೀರಿ. ನಿಮ್ಮದು ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಎರಿ ಮಣ್ಣಿನಲ್ಲಿ ಆಳ ನೋಡಿ ವಯಸ್ಸು ಹೇಳಲು ಹೋದರೆ ಕೆಟ್ಟಂತೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಅಗಲದ, ಎದೆಮಟ್ಟದ ಕೋಲು ಮುಳುಗುವಷ್ಟು ಆಳದ ಬಿರುಕನ್ನು ನೀವೇ ನೋಡಿರುತ್ತೀರಿ. ಮೇಲೆ ಬಿದ್ದದ್ದು ಅದರೊಳಗೆ ಹೋಗುತ್ತದೆ, ಮಳೆ ಬಂದರೆ ಬಾಯಿ ಮುಚ್ಚುತ್ತದೆ. ಹೋದ ವರ್ಷ ಬಿದ್ದ ನಟ್ಟು ಎರಡು ಅಡಿ ಕೆಳಗೆ ಇರಬಹುದು, ಇನ್ನೂರು ವರ್ಷದ ದುಡ್ಡು ಮೇಲೆಯೇ ಇರಬಹುದು. ಈ ಹೊಲಕ್ಕೇ ಬಿದ್ದದ್ದು ಎನ್ನುವ ಖಾತ್ರಿಯೂ ಇಲ್ಲ. ಊರ ತಿಪ್ಪೆಯ ಗೊಬ್ಬರದ ಜೊತೆ ಬಳೆಚೂರು, ಮುರಿದ ಗೆಜ್ಜೆ, ಕುಡುಗೋಲಿನ ತುಂಡು ಎಲ್ಲ ಹೊಲ ಸೇರುತ್ತವೆ. ದನದ ಕೊಟ್ಟಿಗೆ ಗುಡಿಸಿದ ಕಸವೇ ತಿಪ್ಪೆ, ಕೋಡಣಸು ಕೊಟ್ಟಿಗೆಯಲ್ಲಿ ಕಳಚಿ ತಿಪ್ಪೆಯ ದಾರಿಯಿಂದಲೇ ಬಂದಿರಬಹುದು. ಕೆರೆ ಹೂಳು ಹೊಡೆಸಿದ್ದೀರಾ ಎಂದು ಕೇಳಿದ್ದು ಅದಕ್ಕೇ. ಇಲ್ಲ ಅಂದಿರಿ, ಒಳ್ಳೆಯದಾಯಿತು. ಹೂಳಿನಲ್ಲಿ ಬಂದದ್ದಾದರೆ ಯಾವ ಊರಿನದೋ ಏನೋ.

ವಯಸ್ಸು ಹೇಳುವುದು ಮೈಮೇಲಿನ ಗುರುತು ನೋಡಿ. ಹೊರಗೆ ಅರದ ಗೀರುಗಳು ಅಡ್ಡಾದಿಡ್ಡಿ ಇವೆ, ಲೇತ್ ಯಂತ್ರದಲ್ಲಿ ತಿರುಗಿಸಿದ ಒಂದೇ ಸಮನಾದ ಸುತ್ತುಗೆರೆ ಇಲ್ಲ. ಎರಡು ಅಚ್ಚು ಕೂಡಿದ ಗೆರೆಯೂ ಇಲ್ಲ. ಮೇಣದ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹಿತ್ತಾಳೆ ಹೊಯ್ದು, ಕೈಯಲ್ಲೇ ಅರ ಹಾಕಿದ ಕೆಲಸ. ನೂರು ವರ್ಷದ ಆಚೀಚೆ ಎಂದು ನಾನು ಇಡುತ್ತೇನೆ. ಅರ್ಧ ಮೈಯನ್ನು ನಿಮ್ಮ ತಾಯಿಯವರು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಬಿಟ್ಟಿದ್ದಾರೆ, ಅವರನ್ನು ಬೈಯಬೇಡಿ. ನಾನು ಕಾಲೇಜಿನಲ್ಲಿ ಇದನ್ನೇ ಓದುತ್ತಿದ್ದಾಗ ಒಂದು ತಾಮ್ರದ ದುಡ್ಡಿಗೆ ನಿಂಬೆಹಣ್ಣು ಹಾಕಿ ಉಜ್ಜಿ, ಇದ್ದ ನಾಲ್ಕು ಅಕ್ಷರವನ್ನೂ ಕಳೆದವನು. ಉಳಿದ ಅರ್ಧಕ್ಕೆ ಮಾತ್ರ ಏನೂ ಹಚ್ಚಬೇಡಿ. ಒಣ ಬ್ರಷ್ಷಿನಿಂದ ಮಣ್ಣು ಕೊಡವಿ ಸಾಕು.

ಯಾವ ಎತ್ತಿನದ್ದು ಎಂದೂ ಸ್ವಲ್ಪ ಹೇಳಬಹುದು. ಉದ್ದಕ್ಕೆ, ಸಣ್ಣಗೆ ಮೊನಚಾಗುವ ಕೊಂಬು ಇದು, ಕಿಲಾರಿ ಎತ್ತಿನ ಹಾಗೆ. ಕೃಷ್ಣಾ ತೀರದ ದೊಡ್ಡ ಮೈಯ ಎತ್ತುಗಳ ಕೊಂಬು ಗಿಡ್ಡ, ಅದಕ್ಕೆ ಈ ಅಳತೆ ಕೂರುವುದಿಲ್ಲ. ಒಂದು ಎತ್ತಿಗೆ ಎರಡು, ಜೋಡಿಗೆ ನಾಲ್ಕು. ಉಳಿದ ಮೂರು ಯಾರದೋ ಅಟ್ಟದ ಮೇಲಿನ ಡಬ್ಬಿಯಲ್ಲಿ ಇರಲಿಕ್ಕೂ ಸಾಕು. ಆ ಹೊಲ ನಿಮಗಿಂತ ಮೊದಲು ಯಾರು ಊಳುತ್ತಿದ್ದರೋ ಅವರ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಮುದಗಲ್ ಹತ್ತಿರವೇ ಪಿಕಳಿಹಾಳ ಇದೆಯಲ್ಲ, ಅಲ್ಲಿನ ಬಂಡೆಗಳನ್ನೂ ನೋಡಿ ಬನ್ನಿ. 1950ರ ದಶಕದಲ್ಲಿ ಆಲ್ಚಿನ್ ಎಂಬ ಬ್ರಿಟಿಷ್ ಪುರಾತತ್ವಜ್ಞ ಅಲ್ಲಿ ಅಗೆದು ನೋಡಿದ, ನವಶಿಲಾಯುಗದ ದನಗಾಹಿಗಳ ನೆಲೆ ಅದು. ಬಂಡೆಯ ಮೇಲೆ ಹಿಣಿಲು ಎತ್ತಿದ, ಉದ್ದ ಕೊಂಬಿನ ಗೂಳಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಮೈ ನಾಲ್ಕು ಗೆರೆಯಲ್ಲಿ ಮುಗಿಸಿದವರು ಕೊಂಬಿಗೆ ಮಾತ್ರ ಕೈ ಬಿಗಿಹಿಡಿದಿಲ್ಲ. ಡಿಟೆಕ್ಟರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಅದೇ ಮಾತಿಗೆ ಕಾನೂನೂ ಬಂತು. ರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ಸ್ವಂತ ಹೊಲದಲ್ಲಿ ಓಲೆ ಹುಡುಕಿದ್ದು ಬೇರೆ ಮಾತು. ಆದರೆ ಹೊಲ ನಿಮ್ಮದಾದರೂ ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ತಾನಾಗಿ ನಿಮ್ಮದಾಗುವುದಿಲ್ಲ. 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿ ದಾಟಿದ್ದೆಲ್ಲ ತಿಳಿಸಬೇಕಾದದ್ದೇ. ಕರ್ನಾಟಕಕ್ಕೆ 1962ರಿಂದ ಅದೇ ಬಗೆಯ ತನ್ನದೇ ಕಾಯ್ದೆ ಇದೆ. 1972ರ ಇನ್ನೊಂದು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಒಂದು ಕೋಡಣಸಿಗೆ ಇಷ್ಟೆಲ್ಲ ಯಾಕೆ ಅನ್ನಬಹುದು. ಊರಲ್ಲಿ ‘ಅವರಿಗೆ ನಿಧಿ ಸಿಕ್ಕಿದೆ’ ಅನ್ನುವ ಸುದ್ದಿ ಆಗಲೇ ಹಬ್ಬಿದೆ ಅಂತ ನೀವೇ ಬರೆದಿದ್ದೀರಿ. ನಮ್ಮ ಕಡೆ ನಿಧಿಯ ಆಸೆಗೆ ಗುಡಿಯ ಬಸವಣ್ಣನನ್ನು ಮಗುಚಿ, ಲಿಂಗ ಕಿತ್ತು ಅಗೆದ ಪುಂಡರು ಕಡಿಮೆ ಇಲ್ಲ, ಅವರ ಕಣ್ಣು ನಿಮ್ಮ ಹೊಲದ ಮೇಲೆ ಬೀಳುವುದು ಬೇಡ. ಎಲ್ಲಿ, ಯಾವತ್ತು, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ಬರೆದು, ಫೋಟೋ ಅಂಟಿಸಿ, ಜಿಲ್ಲಾಧಿಕಾರಿಗಳ ಹೆಸರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ ಪಟ್ಟಣದವರೂ ಮತ್ತೆ ಬರುವುದಿಲ್ಲ.

ಇನ್ನು ಓಲೆ. ನೀವು ಅದನ್ನು ಕೇಳಲಿಲ್ಲ, ಆದರೆ ಅಕ್ಕನವರಿಗೆ ಕೋಡಣಸಿಗಿಂತ ಅದೇ ಮುಖ್ಯ ಅಲ್ವಾ. ಅಳಿಯ ಯಂತ್ರದಲ್ಲಿ ಕಸದ ಸದ್ದು ಬರದಂತೆ ತಡೆಯುವ ಗುಂಡಿ ಒತ್ತಿದ್ದಾರೆ, ತಪ್ಪಾದದ್ದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ. ಸಣ್ಣ ಬಂಗಾರದ ಓಲೆಯೂ ಗುಳಿಗೆಯ ಅಲ್ಯೂಮಿನಿಯಂ ಹಾಳೆಯೂ ಈ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸುತ್ತವೆ. ಕಸ ಬೇಡ ಎಂದರೆ ಓಲೆಯೂ ಬೇಡ ಎಂದ ಹಾಗೆ. ಆ ಗುಂಡಿ ತೆಗೆಯಲಿ. ಇಂಥ ಯಂತ್ರಕ್ಕೆ ಓಲೆಯಷ್ಟು ಸಣ್ಣದು ನಾಲ್ಕೈದು ಇಂಚಿಗಿಂತ ಕೆಳಗಿದ್ದರೆ ಕೇಳಿಸುವುದು ಕಷ್ಟ, ಹಾಗಾಗಿ ಸುರುಳಿಯನ್ನು ನೆಲಕ್ಕೆ ಎರಡು ಬೆರಳಿನಷ್ಟು ಹತ್ತಿರ ಹಿಡಿದು ನಿಧಾನ ಆಡಿಸಬೇಕು. ಅವತ್ತು ಅಕ್ಕ ಎಷ್ಟು ಸಾಲು ಬಿಡಿಸಿದ್ದರೋ ಅಷ್ಟಕ್ಕೆ ಮಾತ್ರ ಹಗ್ಗ ಕಟ್ಟಿ, ಸಾಲು ಸಾಲಾಗಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹೋಗಲಿ. ಅರಿವೆಯ ಉಡಿಗೆ ಸಿಕ್ಕಿ ಹತ್ತಿಯ ಜೊತೆ ಹೋಗಿರಲೂಬಹುದು, ಹತ್ತಿ ಇನ್ನೂ ಮನೆಯಲ್ಲಿದ್ದರೆ ಮೊದಲು ಆ ಚೀಲಗಳ ಮೇಲೆ ಒಂದು ಸಲ ಯಂತ್ರ ಆಡಿಸಿ. ಹೊಲ ಬಾಯಿ ಬಿಡುವುದಕ್ಕೆ ಮುಂಚೆ, ಈ ವಾರವೇ.